ಬಚ್ಚಲ ಬಾಗಿಲ ಪಕ್ಕದ ಗೋಡೆ

ನೆಲ ಒರೆಸುತ್ತ ಬಚ್ಚಲ ಬಾಗಿಲ ತನಕ ಬಂದ ಅಫ್ರಾಳ ಕೈ ತಟ್ಟನೆ ನಿಂತಿತು. ಪಕ್ಕದ ಗೋಡೆ ಮತ್ತೆ ಗುಂಯ್‌ಗುಡುತ್ತಿತ್ತು. ಕೈ ಒರೆಸಿಕೊಂಡು ಮುಟ್ಟಿ ನೋಡಿದಳು. ಜ್ವರ ಬಂದ ಮಗುವಿನ ಹಣೆಯ ಹಾಗೆ ಬೆಚ್ಚಗಿತ್ತು.

ಸೌದಿಯ ಅಲ್ ಖೋಬರ್‌ನ ಆ ಹಳೆಯ ವಿಲ್ಲಾವನ್ನು ಮಾಲೀಕ ಅಬ್ದುಲ್ ಅಝೀಝ್ ಆರು ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದರು; ಕೆಳಗಿನ ಒಂದರಲ್ಲಿ ಅಫ್ರಾಳ ಸಂಸಾರ. ಮುಂದಿನ ವಾರ ಊರಿನಿಂದ ಅಫ್ರಾಳ ಅತ್ತೆ ಬರುವವರಿದ್ದರು, ಅದೂ ಗಾಲಿಕುರ್ಚಿಯಲ್ಲಿ. ಈ ಬಚ್ಚಲ ಬಾಗಿಲಲ್ಲಿ ಕುರ್ಚಿ ಹೋಗದು. ಅಗಲ ಮಾಡಲು ಮಾಲೀಕರ ಅನುಮತಿ ಕೇಳಿ ಬರೆಸಿದ ಕಾಗದ, ಕಳಿಸದೆ, ಎರಡು ತಿಂಗಳಿಂದ ಖರ್ಜೂರದ ಡಬ್ಬಿಯ ಅಡಿಯಲ್ಲೇ ಇತ್ತು.

"ಕೇಳಿದ್ರೆ ಬೇಡ ಅಂತಾರೆ," ಎಂದ ಗಂಡ ಮೂಸಾ. "ಶುಕ್ರವಾರ ವಾಚ್‌ಮನ್ ಜುಮಾ ನಮಾಜು ಮುಗಿಸಿ ಬರುವ ಮೊದಲು ನಾನು ಬಂದು ಗೋಡೆಗೆ ಸುತ್ತಿಗೆಯ ನಾಲ್ಕು ಏಟು ಹಾಕ್ತೇನೆ. ಮುಗೀತು!"

"ಜುಮಾದ ದಿನವೇ ಕದ್ದು ಕೆಲಸವಾ?" ಎಂದಳು ಅಫ್ರಾ.

ಮಹಡಿಯ ಮನೆಯ ಬರ್ನಾಡೆಟ್ ಬಾಯಮ್ಮ ಪಾತ್ರೆ ವಾಪಸು ಕೊಡಲು ಬಂದಿದ್ದರು. ಕಟ್ಟಡ ರಿಪೇರಿಯ ಕಂಪನಿಯಲ್ಲಿ ಅವರಿಗೆ ಕೆಲಸ.

"ಎಂತ ಮಾರಾಯ, ಗೋಡೆ ನಿನ್ನ ಅಜ್ಜಂದಾ? ಅದರ ಒಳಗೆ ಎಂತ ಉಂಟು ಅಂತ ನಿನಗೆ ಗೊತ್ತುಂಟಾ?"

"ಎಂತ ಇರ್ತದೆ ಬಾಯಮ್ಮ, ಜಿನ್ನ್ ಭೂತವಾ?" ಮೂಸಾ ನಕ್ಕ.

ಬಾಯಮ್ಮ ನಗಲಿಲ್ಲ. ಗೋಡೆ ಮುಟ್ಟಿದರು, ಮಗಳಿಗೆ ಫೋನ್ ಮಾಡಿದರು. "ಕ್ರಿಸ್ಟಿನಾ, ಏಸಿ ಬಂದ್ ಮಾಡು."

ಗುಂಯ್ ಎನ್ನುವುದು ಅರ್ಧಕ್ಕರ್ಧ ತಗ್ಗಿತು.

"ಈಗ ಹಾಕು."

ಗೋಡೆ ಉಸಿರೆಳೆದುಕೊಂಡ ಹಾಗೆ ಮತ್ತೆ ಮೊರೆಯಿತು. ಮೂಸಾ ಒಂದು ಹೆಜ್ಜೆ ಹಿಂದೆ ಸರಿದ.

"ನಮ್ಮ ಮನೆಯ ಕರೆಂಟು ಇದರೊಳಗೇ ಹೋಗ್ತಾ ಉಂಟು ಮಾರಾಯ. ಬಿಸಿಯಾದದ್ದು ಒಳ್ಳೇದಲ್ಲ, ವಾಚ್‌ಮನ್‌ಗೆ ಈಗಲೇ ಹೇಳು. ಸುತ್ತಿಗೆ ವಯರಿಗೆ ತಾಗಿದ್ರೆ ನಿನ್ನ ಉಮ್ಮನನ್ನು ಕರ್ಕೊಂಡು ಬರ್ಲಿಕ್ಕೆ ಏರ್‌ಪೋರ್ಟಿಗೆ ಯಾರು ಹೋಗ್ತಾರೆ?"

"ಹಾಗಾದ್ರೆ ನಿಮ್ಮ ಏಸಿ ನಿಂತಾಗಲೂ ಒಳಗೆ ಮೊರೆದದ್ದು ಎಂತದು?" ಅಫ್ರಾಳ ದನಿ ಕುಗ್ಗಿತ್ತು.

"ಅದು ನನಗೂ ಗೊತ್ತಿಲ್ಲ. ಗೊತ್ತಿರುವುದು ಮಾಲೀಕರ ಹತ್ತಿರ ಇರುವ ಕಟ್ಟಡದ ನಕ್ಷೆಗೆ."

ಅಫ್ರಾ ವಾಚ್‌ಮನ್‌ಗೆ ಫೋನ್ ಮಾಡಿ ಗೋಡೆ ಬಿಸಿಯಾದದ್ದನ್ನು ಹೇಳಿದಳು. ಗೋಡೆ ಇನ್ನೂ ಮೊರೆಯುತ್ತಲೇ ಇತ್ತು.

ಮೂಸಾ ಡಬ್ಬಿಯ ಅಡಿಯಿಂದ ಕಾಗದ ಹೊರಗೆಳೆದ. "ಉಮ್ಮನ ಟಿಕೆಟ್ ಮುಂದಿನ ತಿಂಗಳಿಗೆ ಹಾಕ್ತೇನೆ. ಇನ್ನೆಂತ ಬರೀಬೇಕು, ಹೇಳಿ."

ಯಾವ ಗೋಡೆ, ನಕ್ಷೆಯ ಪ್ರಕಾರ ಅದರೊಳಗೆ ಏನಿದೆ, ಎಷ್ಟು ಅಗಲ, ಕೆಲಸ ಮಾಡುವವರು ಯಾರು, ಮನೆ ಬಿಡುವಾಗ ಮೊದಲಿನಂತೆ ಮಾಡಿಕೊಡಬೇಕೇ, ಎಲ್ಲವನ್ನೂ ಬಾಯಮ್ಮ ಬರೆಸಿದರು.

ಬಾಡಿಗೆ ಮನೆಯಲ್ಲಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾಗದ ಯಾವ ಡಬ್ಬಿಯ ಅಡಿಯಲ್ಲಿದೆ? ಇವತ್ತೇ ತೆಗೆಯಿರಿ. ಬಾಯಿಮಾತಿನ ಒಪ್ಪಿಗೆ ಸಾಲದು. ಬರಹದ ಉತ್ತರ ಕೈಗೆ ಬರುವ ತನಕ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ.

ಮೂಸಾ ಸಹಿ ಹಾಕಿದ. ಅಫ್ರಾ ಕಾಗದದ ಫೋಟೊ ತೆಗೆದು, ಬಿಸ್ಮಿಲ್ಲಾ ಎಂದು, ಮಾಲೀಕರ ನಂಬರಿಗೆ ಕಳಿಸಿಬಿಟ್ಟಳು.