ಮಿಡ್ಲ್ ಸ್ಕೂಲಿನ ಪ್ರಥಮ ದರ್ಜೆ

ಕಾರ್ಖಾನೆಯಲ್ಲೂ ಬೀದಿಯಲ್ಲೂ ಎಲ್ಲರೂ ಅವಳನ್ನು ಚೆಕಿಂಗಕ್ಕ ಎಂದೇ ಕರೆಯುತ್ತಿದ್ದರು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಕೆಲಸ. ಹೊಲಿದು ಮುಗಿದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಕಾಲರು, ಕಂಕುಳು, ಗುಂಡಿ, ಅಂಚು ಎಂದು ಬೆರಳಾಡಿಸುತ್ತ ಹೋಗಿ, ತಪ್ಪು ಕಂಡಲ್ಲಿ ಕೆಂಪು ಸ್ಟಿಕರ್ ಅಂಟಿಸಿ ವಾಪಸ್ ತಳ್ಳುವುದು. ಈ ಚಾಳಿ ಅವಳ ಜೊತೆ ಮನೆಗೂ ಬಂದಿತ್ತು. ತರಕಾರಿ ಚೀಲವನ್ನು ತಳದಿಂದ ನೋಡುವಳು. ಮಾತ್ರೆಯ ಮೇಲಿನ ತಾರೀಖನ್ನು ಮೂರು ಸಲ ಓದುವಳು. ಮದುವೆಯಾಗುತ್ತೇನೆಂದು ಬಂದ ಇಬ್ಬರನ್ನೂ ಹಾಗೆಯೇ ತಿರುವಿ ಮುರುವಿ ನೋಡಿ ವಾಪಸ್ ಕಳಿಸಿದಳು ಎಂದು ತಮ್ಮ ತಮಾಷೆ ಮಾಡುತ್ತಿದ್ದ.

ತಮ್ಮ ಸಿಟಿ ಬಸ್ಸಿನ ಡ್ರೈವರು. ಅವನು, ಅವನ ಹೆಂಡತಿ, ಮಗಳು ಕೆಳಗಿನ ಎರಡು ಕೋಣೆಗಳಲ್ಲಿ. ಅಕ್ಕ ಮೇಲಿನ ಒಂದು ಕೋಣೆಯಲ್ಲಿ. ಊಟ ಮಾತ್ರ ಒಟ್ಟಿಗೆ. ಮಗಳಿಗೆ ಹನ್ನೊಂದು ವರ್ಷ, ಐದನೇ ತರಗತಿ ಮುಗಿಯುತ್ತ ಬಂದಿತ್ತು. ಆರಕ್ಕೆ ಎಲ್ಲಿಗೆ ಹಾಕುವುದೆಂಬ ಚರ್ಚೆ ಎರಡು ತಿಂಗಳಿಂದ ನಡೆದಿತ್ತು. ಒಂದು ದಿನ ತಮ್ಮ ಗೆಲುವಾಗಿ ಬಂದ. ಎರಡು ಬೀದಿ ಆಚೆಯ ಸರ್ಕಾರಿ ಮಿಡ್ಲ್ ಸ್ಕೂಲಿಗೆ ಪ್ರಥಮ ದರ್ಜೆ ಸಿಕ್ಕಿದೆಯಂತೆ, ಗೇಟಿಗೆ ಬ್ಯಾನರು ಕಟ್ಟಿದ್ದಾರಂತೆ. ಇನ್ನು ಮಗು ಎರಡು ಬಸ್ಸು ಬದಲಾಯಿಸಿ ದೂರದ ಶಾಲೆಗೆ ಹೋಗಬೇಕಿಲ್ಲ.

ಚೆಕಿಂಗಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. ದರ್ಜೆ ಕೊಟ್ಟವರು ಯಾರು ಎಂದು ಕೇಳಿದಳು. ಇಲಾಖೆಯ ತಪಾಸಣೆಯವರು. ಎಷ್ಟು ದಿನ ಇದ್ದರು? ಒಂದು ದಿನ.

"ಬರ್ತೀವಿ ಅಂತ ಮೊದಲೇ ಹೇಳಿದ್ರಾ?"

"ಹೇಳದೇ ಬರ್ತಾರಾ ಅಕ್ಕ?"

"ಹಾಗಿದ್ರೆ ಆ ದರ್ಜೆ ಸ್ಕೂಲಿಗಲ್ಲ, ಆ ಒಂದು ದಿನಕ್ಕೆ."

ಅವಳ ಈ ಅನುಮಾನ ಎಲ್ಲಿಂದಲೋ ಉದುರಿದ್ದಲ್ಲ. ವಿದೇಶದ ಗಿರಾಕಿಯ ಪರವಾಗಿ ಕಾರ್ಖಾನೆಗೂ ವರ್ಷಕ್ಕೆರಡು ಸಲ ತಪಾಸಣೆಯವರು ಬರುತ್ತಿದ್ದರು. ಅದಕ್ಕೆ ಒಂದು ವಾರ ಮುಂಚೆ ನಿಂತುಹೋದ ಫ್ಯಾನುಗಳು ತಿರುಗತೊಡಗುತ್ತಿದ್ದವು. ಖಾಲಿ ಬಿದ್ದ ಔಷಧಿ ಪೆಟ್ಟಿಗೆಯಲ್ಲಿ ಬ್ಯಾಂಡೇಜು ಹುಟ್ಟುತ್ತಿತ್ತು. ಊಟದ ವಿರಾಮ ಎಷ್ಟು ಹೊತ್ತು ಎಂದು ಕೇಳಿದರೆ ಏನು ಹೇಳಬೇಕೆಂದು ಹೆಂಗಸರಿಗೆಲ್ಲ ಬಾಯಿಪಾಠ ಮಾಡಿಸುತ್ತಿದ್ದರು. ಹಾಗೆ ಮಾಡಿಸುತ್ತಿದ್ದವರಲ್ಲಿ ಅವಳೂ ಒಬ್ಬಳು. ರವಾನೆಯ ಪೆಟ್ಟಿಗೆಯ ಮೇಲಿನ ಎರಡು ಸಾಲಿಗೆ ಆಯ್ದ ಅಂಗಿಗಳನ್ನು ಜೋಡಿಸಿದ್ದು ಇದೇ ಕೈ. ಬಂದವರು ಮೇಲಿನದನ್ನೇ ಎತ್ತಿ ನೋಡಿ, ತಲೆದೂಗಿ, ಸಹಿ ಹಾಕಿ ಹೋಗುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೀರಿಗೆ ಸುಣ್ಣ ಕಲಸಿದವಳೇ ಅವಳು.

ಮುಂದಿನ ಶನಿವಾರ ಪೋಷಕರು ಬಂದು ಶಾಲೆ ನೋಡುವ ದಿನವಿತ್ತು. ತಮ್ಮನಿಗೆ ಡ್ಯೂಟಿ, ಅವನ ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ. ಸೋದರ ಸೊಸೆಯನ್ನು ಕರೆದುಕೊಂಡು ಚೆಕಿಂಗಕ್ಕನೇ ಹೋದಳು.

ಗೋಡೆಗಳಿಗೆ ಹೊಸ ಬಣ್ಣ. ಕಿಟಕಿಯ ಗಾಜಿನ ಮೂಲೆಯಲ್ಲಿ ಬಣ್ಣದ ಹನಿಗಳು ಒಣಗಿ ಅಂಟಿಕೊಂಡಿದ್ದವು. ಆತುರದಲ್ಲಿ ಬಳಿದ ಕೆಲಸ. ಪ್ರತಿ ಕೋಣೆಯಲ್ಲೂ ಚಾರ್ಟುಗಳು: ಹೃದಯ, ಜ್ವಾಲಾಮುಖಿ, ಮಳೆನೀರಿನ ಚಕ್ರ. ಒಂದರಲ್ಲೂ ಕೈಗುರುತಿಲ್ಲ. ಮಕ್ಕಳಿರುವ ಕೋಣೆಯಲ್ಲಿ ಕೈಗುರುತಿಲ್ಲದ ಚಾರ್ಟೆಂದರೆ ನಿನ್ನೆ ತೂಗುಹಾಕಿದ ಚಾರ್ಟು ಎಂದು ಅವಳು ಮನಸ್ಸಿನಲ್ಲೇ ಕೆಂಪು ಸ್ಟಿಕರ್ ಅಂಟಿಸಿದಳು. ಅವರನ್ನು ಸುತ್ತಾಡಿಸಲು ಏಳನೇ ತರಗತಿಯ ಎರಡು ಜಡೆಯ ಹುಡುಗಿಯೊಬ್ಬಳನ್ನು ಕೊಟ್ಟಿದ್ದರು. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಸಾವಿರದ ಇನ್ನೂರು ಪುಸ್ತಕಗಳಿವೆ, ನಮ್ಮ ಪ್ರಯೋಗಾಲಯ ಸುಸಜ್ಜಿತವಾಗಿದೆ ಎಂದು ಅವಳು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಸುಸಜ್ಜಿತ ಅಂದರೇನು ಎಂದು ಚೆಕಿಂಗಕ್ಕ ಕೇಳಿದಾಗ ಹುಡುಗಿ ನಾಲಿಗೆ ಕಚ್ಚಿಕೊಂಡು ಸೊಸೆಯ ಮುಖ ನೋಡಿದಳು. ಇಬ್ಬರಿಗೂ ನಗು ಬಂತು.

ಗ್ರಂಥಾಲಯದಲ್ಲಿ ಚೆಕಿಂಗಕ್ಕ ಮುಂದಿನ ಸಾಲನ್ನು ಮುಟ್ಟಲಿಲ್ಲ. ಹಿಂದಿನ ಸಾಲಿಗೆ ಕೈ ತೂರಿಸಿ ಒಂದು ಪುಸ್ತಕ ತೆಗೆದಳು. ಮೊದಲ ಪುಟದಲ್ಲಿ ಶಾಲೆಯ ಹೆಸರಿನ ಲೇಬಲ್ಲು. ಅದರ ಮೂಲೆಯನ್ನು ಉಗುರಿನಿಂದ ಎಬ್ಬಿಸಿದಳು. ಕೆಳಗೆ ಬೇರೊಂದು ಮೊಹರು, ಊರಾಚೆಯ ಹೈಸ್ಕೂಲಿನದು. ಇನ್ನೊಂದು ತೆಗೆದಳು. ಅದೂ ಹಾಗೆಯೇ.

ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ನಗು. ಚೆಕಿಂಗಕ್ಕ ಪುಸ್ತಕದ ವಿಷಯ ಎತ್ತಲಿಲ್ಲ. ಕಳೆದ ವರ್ಷದ ಗಣಿತದ ನೋಟ್‌ಬುಕ್ಕುಗಳನ್ನು ನೋಡಬಹುದೇ ಎಂದು ಕೇಳಿದಳು. ಪ್ರದರ್ಶನಕ್ಕೆ ಇಟ್ಟಿದ್ದೇವಲ್ಲ ಎಂದರು ಅವರು. ಇಟ್ಟಿದ್ದು ಬೇಡ, ಇಡದೇ ಇದ್ದದ್ದು ಬೇಕು ಎಂದಳು ಇವಳು. ತರಿಸುತ್ತೇನೆ ಎಂದು ಒಳಗೆ ಹೋದವರು ಮತ್ತೆ ಕಾಣಿಸಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದಾಗ ತಮ್ಮ ಬೇಸರಪಟ್ಟ. ಎಲ್ಲ ಕಡೆಯೂ ಹುಳುಕು ಹುಡುಕಿದರೆ ಮಗು ಮನೆಯಲ್ಲೇ ಕೂರಬೇಕಾಗುತ್ತದೆ ಎಂದ. ಆಮೇಲೆ ಮೆಲ್ಲಗೆ ಸೇರಿಸಿದ: "ತಾನು ಕಳ್ಳ, ಪರರ ನಂಬ ಅಂತಾರಲ್ಲ, ಹಾಗಾಯ್ತು ನಿನ್ನ ಕಥೆ."

ಅದು ಅವಳಿಗೆ ನಾಟಿತು. ನಾಟಿದ್ದಕ್ಕೇ ಬುಧವಾರ ರಜೆ ಹಾಕಿ, ಯಾರಿಗೂ ಹೇಳದೆ ಮತ್ತೆ ಶಾಲೆಗೆ ಹೋದಳು.

ಗೇಟಿನ ಕಾವಲುಗಾರನಿಗೆ ಅರ್ಜಿ ನಮೂನೆ ಬೇಕೆಂದಳು. ಆಫೀಸು ನೇರಕ್ಕೆ ಎಂದು ಅವನು ತೋರಿಸಿದ. ಅವಳು ನೇರ ಹೋಗದೆ ಎಡಕ್ಕೆ ತಿರುಗಿದಳು. ಕೋಣೆಗಳ ಗೋಡೆ ಬೋಳು. ಚಾರ್ಟುಗಳೆಲ್ಲ ಸುರುಳಿಯಾಗಿ ಶಿಕ್ಷಕರ ಕೋಣೆಯ ಬೀರುವಿನ ಮೇಲೆ ಮಲಗಿದ್ದವು. ಗ್ರಂಥಾಲಯಕ್ಕೆ ಬೀಗ. ಕಿಟಕಿಗೆ ಹಣೆ ಒತ್ತಿ ನೋಡಿದರೆ ಮುಂದಿನ ಒಂದು ಸಾಲು ಬಿಟ್ಟು ಕಪಾಟೆಲ್ಲ ಖಾಲಿ. ಒಂದು ತರಗತಿಯಲ್ಲಿ ಮಾಸ್ತರೊಬ್ಬರು ಫೋನು ನೋಡುತ್ತ ಕೂತಿದ್ದರು, ಮಕ್ಕಳು ಪಾಠ ನಕಲು ಮಾಡುತ್ತಿದ್ದರು. ಇನ್ನೊಂದರಲ್ಲಿ ಮಾಸ್ತರೇ ಇರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದುಕೊಂಡಳು ಚೆಕಿಂಗಕ್ಕ. ತನ್ನ ಲೆಕ್ಕ ಸರಿಯಾಯಿತೆಂಬ ಒಂದು ಬಗೆಯ ಸಂತೋಷ ಕೂಡ ಆಯಿತು. ತಮ್ಮನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತ ಹಿಂದಿನ ಗೇಟಿನತ್ತ ನಡೆದಳು.

ನೀರಿನ ಟ್ಯಾಂಕಿನ ಪಕ್ಕದ ಕೊನೆಯ ಕೋಣೆಯಿಂದ ಗದ್ದಲ ಕೇಳಿಸಿತು. ಮಾಸ್ತರಿಲ್ಲದ ಇನ್ನೊಂದು ತರಗತಿ ಎಂದುಕೊಂಡು ಇಣುಕಿದಳು. ಮಾಸ್ತರಿದ್ದರು. ದಪ್ಪ ಆಳು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಬೋರ್ಡಿನ ಮೇಲೆ ಮೈನಸ್ ಮೂರರಿಂದ ಮೈನಸ್ ಐದು ಕಳೆಯುವ ಲೆಕ್ಕ. ಮೊದಲ ಬೆಂಚಿನ ಹುಡುಗಿಯೊಬ್ಬಳು ಮೈನಸ್ ಎಂಟು ಎಂದಳು. ಮಾಸ್ತರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಮೈನಸ್ ಎಂಟನ್ನು ಬೋರ್ಡಿನ ನಡುವೆ ದೊಡ್ಡದಾಗಿ ಬರೆದು, ಇದೇ ಉತ್ತರ ಬಂದವರು ಕೈ ಎತ್ತಿ ಎಂದರು. ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು. ಚೆಕಿಂಗಕ್ಕನೂ ಮನಸ್ಸಿನಲ್ಲೇ ಕೈ ಎತ್ತಿದಳು. ಅವಳ ಓದು ಏಳನೇ ತರಗತಿಗೆ ನಿಂತಿತ್ತು.

"ಇಷ್ಟು ಜನಕ್ಕೆ ಬಂದಿದೆ ಅಂದ್ರೆ ಏನೋ ಕಾರಣ ಇರ್ಬೇಕು. ಹೇಗೆ ಬಂತು, ಹೇಳು," ಎಂದರು ಮಾಸ್ತರು.

ಹುಡುಗಿ ಎದ್ದು ಹೇಳುತ್ತ ಹೋದಳು. ನಡುವೆ ಹಿಂದಿನ ಬೆಂಚಿನಿಂದ ಒಬ್ಬ ಅಡ್ಡ ಬಂದ, ಇನ್ನೊಬ್ಬಳು ಅವನನ್ನು ತಡೆದಳು, ಗದ್ದಲ ಅದೇ. ಕೊನೆಗೆ ಯಾರೋ ಮೆಟ್ಟಿಲಿನ ಮಾತು ತೆಗೆದರು. ನೆಲದಿಂದ ಮೂರು ಮೆಟ್ಟಿಲು ಕೆಳಗಿದ್ದೇವೆ. ಐದು ಮೆಟ್ಟಿಲು ಇಳಿದದ್ದನ್ನು ತೆಗೆದುಹಾಕಿದರೆ, ಅಂದರೆ ಇಳಿಯಲೇ ಇಲ್ಲ ಎಂದುಕೊಂಡರೆ ಎಲ್ಲಿರುತ್ತೇವೆ? ಮೊದಲ ಬೆಂಚಿನ ಹುಡುಗಿ ಬೆರಳಿನಿಂದ ಗಾಳಿಯಲ್ಲಿ ಮೆಟ್ಟಿಲು ಹತ್ತಿದಳು. "ಎರಡು ಮೇಲೆ," ಎಂದವಳೇ ತಾನೇ ಹೋಗಿ ಮೈನಸ್ ಎಂಟನ್ನು ಅಳಿಸಿದಳು. ಯಾರೂ ನಗಲಿಲ್ಲ.

ಇವರು ನನ್ನನ್ನು ನೋಡಿಯೇ ಹೀಗೆ ನಡೆಸುತ್ತಿದ್ದಾರೆ ಎಂದು ಚೆಕಿಂಗಕ್ಕನಿಗೆ ಅನಿಸಿತು. ಟ್ಯಾಂಕಿನ ಮರೆಗೆ ಸರಿದು ಇಪ್ಪತ್ತು ನಿಮಿಷ ನಿಂತಳು. ಒಳಗೆ ಇನ್ನೊಂದು ಲೆಕ್ಕ, ಇನ್ನೊಂದು ತಪ್ಪು, ಅದೇ ಗದ್ದಲ. ಗಂಟೆ ಹೊಡೆದಾಗ ಮೂಗು ಒರೆಸಿಕೊಳ್ಳುತ್ತ ಹೊರಬಂದ ಮಾಸ್ತರು ಅವಳನ್ನು ಕಂಡು ಹುಬ್ಬು ಗಂಟಿಕ್ಕಿದರು. ಯಾರು ಬೇಕು ಎಂದು ಕೇಳಿದರು. ಸೊಸೆಯನ್ನು ಸೇರಿಸಬೇಕೆಂದಿದ್ದೇವೆ, ಶಾಲೆ ನೋಡಲು ಬಂದೆ ಎಂದಳು.

"ಶನಿವಾರ ತೋರ್ಸಿದ್ರಲ್ಲ."

"ಶನಿವಾರದ ಪುಸ್ತಕಗಳು ಈವತ್ತು ಎಲ್ಲಿಗೆ ಹೋದ್ವು ಸಾರ್?"

ಎಲ್ಲಿಂದ ಬಂದಿದ್ದವೋ ಅಲ್ಲಿಗೇ ಹೋದವು ಎಂದರು ಮಾಸ್ತರು. ಅವಳು ಕೇಳದೆಯೇ ಉಳಿದದ್ದನ್ನೂ ಹೇಳಿದರು: ಇಲ್ಲಿ ಎಂಟು ಜನ ಇರಬೇಕು, ಆರು ಜನ ಇದ್ದೇವೆ, ಆರರಲ್ಲಿ ಪಾಠ ಮಾಡುವವರು ನಾಲ್ವರು, ಇಂಗ್ಲಿಷಿಗೆ ಎರಡು ವರ್ಷದಿಂದ ಯಾರೂ ಇಲ್ಲ. ನೋಟ್‌ಬುಕ್ಕು ಕೇಳಿದಾಗ ಒಂದು ಕಟ್ಟನ್ನೇ ತಂದು ಟ್ಯಾಂಕಿನ ಕಟ್ಟೆಯ ಮೇಲಿಟ್ಟರು. ಅವಳು ಕಟ್ಟಿನ ಅಡಿಯಿಂದ ತೆಗೆದಳು. ಎಣ್ಣೆ ಕಲೆ, ಹರಿದ ಹಾಳೆ, ಕೆಟ್ಟ ಅಕ್ಷರ. ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆಗಳು: ಇಲ್ಲಿ ಯಾಕೆ ಕೂಡಿದೆ? ಅದರ ಕೆಳಗೆ ಮಗುವಿನ ಉತ್ತರ, ಅದರ ಕೆಳಗೆ ಮತ್ತೆ ಕೆಂಪು ಶಾಯಿ. ಮೊದಲ ಪುಟದಿಂದ ಕೊನೆಯ ಪುಟದ ತನಕ, ತಾರೀಖು ತಪ್ಪದೆ, ಹೀಗೆಯೇ. ಒಂದು ವಾರದಲ್ಲಿ ಕೂತು ಮಾಡುವ ಕೆಲಸವಲ್ಲ ಇದು. ಹನ್ನೊಂದು ನೋಟ್‌ಬುಕ್ಕು ನೋಡಿದಳು; ಕೆಂಪು ಸ್ಟಿಕರ್ ಅಂಟಿಸಲು ಜಾಗ ಸಿಗಲಿಲ್ಲ.

"ನಾಳೆ ನಿಮ್ಗೆ ವರ್ಗ ಆದ್ರೆ?" ಎಂದು ಕೇಳಿದಳು.

"ಆದ್ರೆ ಹೋಗ್ತೀನಿ. ಅದಕ್ಕೆ ಗ್ಯಾರಂಟಿ ಕೊಡೋಕಾಗಲ್ಲ," ಎಂದರು.

ಆ ಉತ್ತರವೇ ಅವಳಿಗೆ ಎಲ್ಲಕ್ಕಿಂತ ಹಿಡಿಸಿತು. ಗ್ಯಾರಂಟಿ ಕೊಟ್ಟಿದ್ದರೆ ಎದ್ದು ಬರುತ್ತಿದ್ದಳು.

ಅಲ್ಲಿಂದ ನೇರ ಆಫೀಸಿಗೆ ಹೋಗಿ ಮುಖ್ಯೋಪಾಧ್ಯಾಯಿನಿಯ ಎದುರು ಕೂತಳು. ಲೇಬಲ್ಲಿನ ಕೆಳಗಿನ ಮೊಹರಿನ ಮಾತು ಬಂದದ್ದೇ ತಡ, ಇಸ್ತ್ರಿ ಮಾಡಿದ ನಗು ಮುದುಡಿಹೋಯಿತು. ಎದ್ದು ಬಾಗಿಲು ಮುಂದೆ ಮಾಡಿ ಬಂದು, ಅವರು ದನಿ ತಗ್ಗಿಸಿ ಹೇಳಿದರು:

"ಮೂರನೇ ದರ್ಜೆ ಬಂದ ಶಾಲೆಗಳನ್ನ ಮುಚ್ಚಿ ಬೇರೆ ಕಡೆ ಸೇರಿಸ್ತಿದ್ದಾರೆ. ಹೋದ ವರ್ಷ ಎರಡು ಹೋದ್ವು. ಇಲ್ಲಿಂದ ಹತ್ತಿರದ ಶಾಲೆ ನಾಲ್ಕು ಕಿಲೋಮೀಟರು. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಅಷ್ಟು ದೂರ ಹೋಗ್ತಾರೆ, ನೀವೇ ಹೇಳಿ."

ಕಾರ್ಖಾನೆಯಲ್ಲೂ ಮ್ಯಾನೇಜರು ಹೀಗೆಯೇ ಹೇಳುತ್ತಿದ್ದ: ಗಿರಾಕಿ ಹೋದರೆ ಆರುನೂರು ಜನ ಬೀದಿಗೆ. ಆ ಮಾತು ಕೇಳಿಯೇ ಚೆಕಿಂಗಕ್ಕ ಅಂಗಿ ಜೋಡಿಸಿದ್ದು. ಆದರೆ ಫ್ಯಾನುಗಳು ತಪಾಸಣೆಯ ಮರುದಿನವೇ ನಿಲ್ಲುತ್ತಿದ್ದುದನ್ನೂ ಅವಳು ಕಂಡಿದ್ದಳು. ಈಕೆ ನಿಜ ಹೇಳುತ್ತಿದ್ದಾಳೋ, ನಿಜವನ್ನೇ ಪರದೆ ಮಾಡಿಕೊಂಡಿದ್ದಾಳೋ ತಿಳಿಯಲಿಲ್ಲ. ಮಗುವನ್ನು ಸೇರಿಸುತ್ತೇನೆ, ಜೊತೆಗೆ ಪೋಷಕರ ಸಮಿತಿಗೆ ನನ್ನನ್ನೂ ಸೇರಿಸಿಕೊಳ್ಳಿ ಎಂದಷ್ಟೇ ಹೇಳಿ ಎದ್ದಳು. ಮುಖ್ಯೋಪಾಧ್ಯಾಯಿನಿ ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ.

ಸೊಸೆ ಆರನೇ ತರಗತಿಗೆ ಸೇರಿದಳು. ಅವಳಿಗೆ ದರ್ಜೆಯ ಚಿಂತೆ ಮೊದಲಿಂದಲೂ ಇರಲಿಲ್ಲ. ಎರಡು ಜಡೆಯ ಹುಡುಗಿ ಆ ಶನಿವಾರವೇ ಚಿಲಕವಿಲ್ಲದ ಬಾತ್‌ರೂಮು ಯಾವುದು, ಚೀಲ ಅಡ್ಡ ಇಟ್ಟು ಹೇಗೆ ಬಾಗಿಲು ಹಾಕಬೇಕು ಎಂಬುದನ್ನೆಲ್ಲ ಹೇಳಿಕೊಟ್ಟಿದ್ದಳಂತೆ. ಚೆಕಿಂಗಕ್ಕ ಪ್ರತಿ ಸಮಿತಿ ಸಭೆಗೂ ಹೋದಳು. ಬಾತ್‌ರೂಮಿಗೆ ಚಿಲಕ ಬಂತು. ಗ್ರಂಥಾಲಯ ವಾರಕ್ಕೆ ಮೂರು ದಿನ ತೆರೆಯಿತು. ಸಮಿತಿಯವರು ಬೀದಿ ಬೀದಿ ಸುತ್ತಿ ಕೂಡಿಸಿ, ಅವಳು ಒಂದೊಂದನ್ನೂ ತಿರುವಿ ನೋಡಿ ಇಟ್ಟ ನೂರ ನಲವತ್ತು ಪುಸ್ತಕಗಳು ಅದರಲ್ಲಿದ್ದವು. ಇಂಗ್ಲಿಷಿಗೆ ಮಾತ್ರ ಯಾರೂ ಬರಲಿಲ್ಲ. ಫೋನು ನೋಡುವ ಮಾಸ್ತರು ಅವಳು ಬಂದಾಗ ಫೋನು ಒಳಗಿಡುತ್ತಿದ್ದರು, ಹೋದಮೇಲೆ ತೆಗೆಯುತ್ತಿದ್ದರು.

ಎರಡನೇ ವರ್ಷ ಮತ್ತೆ ತಪಾಸಣೆ ಬಂತು. ಹಿಂದಿನ ದಿನ ಒಂದು ವ್ಯಾನು ಪುಸ್ತಕದ ಪೆಟ್ಟಿಗೆಗಳನ್ನು ಇಳಿಸಿಹೋಯಿತು. ಚೆಕಿಂಗಕ್ಕ ಗೇಟಿನಲ್ಲಿ ನಿಂತು ಪೆಟ್ಟಿಗೆಗಳನ್ನು ಎಣಿಸಿದಳು. ಮುಖ್ಯೋಪಾಧ್ಯಾಯಿನಿ ಅವಳನ್ನು ನೋಡಿ ಒಳಗೆ ಹೋದರು. ಮರುದಿನ ತಪಾಸಣೆಯ ಅಧಿಕಾರಿ ಸಮಿತಿಯವರನ್ನು ಒಬ್ಬೊಬ್ಬರನ್ನಾಗಿ ಕರೆದ. ಅವನ ಕಾಗದದಲ್ಲಿ ಪ್ರಶ್ನೆಗಳು ಅಚ್ಚಾಗಿದ್ದವು, ಉತ್ತರಕ್ಕೆ ಟಿಕ್ ಹಾಕುವ ಚೌಕಗಳು. ಗ್ರಂಥಾಲಯದಲ್ಲಿ ಸಾಕಷ್ಟು ಪುಸ್ತಕಗಳಿವೆಯೇ ಎಂದು ಕೇಳಿ, ಅವಳು ಬಾಯಿ ತೆರೆಯುವ ಮುಂಚೆಯೇ ಪೆನ್ನನ್ನು ಚೌಕದ ಮೇಲಿಟ್ಟ.

"ನೂರ ನಲವತ್ತು ನಮ್ಮವು," ಎಂದಳು ಅವಳು. "ಉಳಿದಿದ್ದು ನಿನ್ನೆ ವ್ಯಾನಲ್ಲಿ ಬಂತು, ನಾಳೆ ವಾಪಸ್ ಹೋಗತ್ತೆ. ಆದ್ರೆ ಆ ನೂರ ನಲವತ್ತನ್ನ ಮಕ್ಕಳು ಓದ್ತಾರೆ. ಬೇಕಿದ್ರೆ ಕೊನೇ ಕೋಣೆಯ ಗಣಿತದ ನೋಟ್‌ಬುಕ್ಕು ತರ್ಸಿ ನೋಡಿ, ಅಡಿಯಿಂದ ತೆಗೆದು ನೋಡಿ."

ಅಧಿಕಾರಿ ಪೆನ್ನು ಎತ್ತಿ ಅವಳ ಮುಖವನ್ನೇ ನೋಡಿದ. ಇವಳಿಗೂ ಶಾಲೆಗೂ ಏನೋ ಹಗೆ ಇದೆ ಎಂದುಕೊಂಡಿರಬೇಕು. ನೋಟ್‌ಬುಕ್ಕು ತರಿಸಿದನೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಶಾಲೆಗೆ ಎರಡನೇ ದರ್ಜೆ ಬಂತು. ಮುಚ್ಚಲಿಲ್ಲ. ಗೇಟಿನ ಬ್ಯಾನರನ್ನು ಇಳಿಸಿದರು. ಮುಖ್ಯೋಪಾಧ್ಯಾಯಿನಿ ಮುಂದಿನ ಎರಡು ಸಭೆಗಳಲ್ಲಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯದರಲ್ಲಿ ಇಂಗ್ಲಿಷ್ ಶಿಕ್ಷಕರಿಗಾಗಿ ಇಲಾಖೆಗೆ ಬರೆಯುವ ಅರ್ಜಿಯನ್ನು ಅವಳ ಮುಂದೆ ಸರಿಸಿದರು. ಅವಳು ಅದನ್ನು ಎರಡು ಸಲ ಓದಿ ಸಹಿ ಹಾಕಿದಳು.

ನಿಜವಾಗಿ ಸಿಟ್ಟಾದವಳು ಸೊಸೆ. ನಾಲ್ಕು ದಿನ ಅವಳು ಅತ್ತೆಯ ಪಕ್ಕ ಊಟಕ್ಕೆ ಕೂರಲಿಲ್ಲ. ಐದನೇ ದಿನ ತಟ್ಟೆ ಹಿಡಿದುಕೊಂಡು ಎದುರು ಬಂದು ನಿಂತಳು.

"ನಿಮ್ಮಿಂದ ನಮ್ಮ ಸ್ಕೂಲು ಸೆಕೆಂಡ್ ಆಯ್ತು," ಎಂದಳು.

ತಮ್ಮ ನಗು ತಡೆಯಲಾರದೆ ಬೇರೆ ಕಡೆ ನೋಡಿದ. ಚೆಕಿಂಗಕ್ಕ ಸ್ವಲ್ಪ ಸರಿದು ಸೊಸೆಗೆ ಕೂರಲು ಜಾಗ ಬಿಟ್ಟಳು.