ಕಾವು ಪೆಟ್ಟಿಗೆಗೆ ಬ್ಯಾಟರಿ

ಕಿರಿಯ ಸೊಸೆಗೆ ಆ ಮನೆಯಲ್ಲಿ ತನ್ನದು ಅನ್ನುವ ಕೋಣೆ ಇರಲಿಲ್ಲ. ಗಂಡ ಲಾರಿ ಓಡಿಸುತ್ತಿದ್ದ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನ ಅವಳು ಅತ್ತೆಯ ಮಂಚದ ಪಕ್ಕ ಹಾಸಿಗೆ ಬಿಚ್ಚಿಕೊಂಡು, ಬೆಳಗಾದರೆ ಸುತ್ತಿಡುತ್ತಿದ್ದಳು.

ಮಹಡಿಯ ಮೇಲೆ ಬಚ್ಚಲಿಗೆ ಅಂಟಿಕೊಂಡಂತೆ ಒಂದು ಕೋಣೆ. ಮಾವ ಬದುಕಿದ್ದಾಗ ಅಲ್ಲಿ ಇಸ್ತ್ರಿ ಮಾಡುತ್ತಿದ್ದರು. ಅವರು ಹೋದ ಮೇಲೆ ಮುರುಕು ಕುರ್ಚಿ, ಹಳೇ ಪೇಪರು ಸೇರಿಕೊಂಡಿದ್ದವು. ಎರಡು ವರ್ಷದ ಹಿಂದೆ ಅವಳು ಅದನ್ನೆಲ್ಲ ಹೊರಗೆ ಹಾಕಿ ಕಾವು ಪೆಟ್ಟಿಗೆ ಇಟ್ಟಳು. ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಕಾಯುವ ಸುರುಳಿ, ಸಣ್ಣ ಫ್ಯಾನು, ಒಂದು ಥರ್ಮಾಮೀಟರು. ಇನ್ನೂರ ಹದಿನಾರು ಮೊಟ್ಟೆ ಹಿಡಿಯುತ್ತಿತ್ತು, ಇಪ್ಪತ್ತೊಂದು ದಿನಕ್ಕೆ ಮರಿ. ಸುತ್ತಮುತ್ತ ಕೋಳಿ ಸಾಕುವವರು ಬಂದು ಒಯ್ಯುತ್ತಿದ್ದರು. ಬೀದಿಯವರು ಅವಳನ್ನು ಮೊಟ್ಟೆ ಮೇಡಂ ಅನ್ನುತ್ತಿದ್ದರು. ಅವಳಿಗೆ ಬೇಸರವಿರಲಿಲ್ಲ, ಮುಂಚೆ ಏನೂ ಅನ್ನುತ್ತಿರಲಿಲ್ಲ.

ಭಾವನ ಕಣ್ಣು ಆ ಕೋಣೆಯ ಮೇಲಿತ್ತು. ಅವನು ಹಾಲ್‌ನಲ್ಲಿ ಬೋರ್ಡು ನಿಲ್ಲಿಸಿಕೊಂಡು, ಕಂಪ್ಯೂಟರ್ ಮುಂದೆ ಕೂತು ಮಕ್ಕಳಿಗೆ ಗಣಿತ ಹೇಳುತ್ತಿದ್ದ. ಅತ್ತೆ ಅದೇ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದರು. ತ್ರಿಕೋನದ ಮೂರನೇ ಕೋನಕ್ಕೆ ಬರುವ ಹೊತ್ತಿಗೆ ಟಿವಿಯಲ್ಲಿ ಯಾರೋ ಅತ್ತುಬಿಡುತ್ತಿದ್ದರು.

ಹಿಂದಿನ ಸಲ ಮಟಮಟ ಮಧ್ಯಾಹ್ನ ಕರೆಂಟು ಹೋಗಿ ಅರ್ಧಕ್ಕರ್ಧ ಮೊಟ್ಟೆ ತಣ್ಣಗಾಗಿ ಹಾಳಾಗಿದ್ದವು. ಆಗ ಭಾವ ಹೇಳಿದ್ದ: "ಕೋಳಿ ಮಾಡೋ ಕೆಲ್ಸ ನೀನು ಮಾಡ್ತಿದೀಯ. ಸರಿ, ಇನ್ನೊಂದು ಸಲ ಮಾಡು. ಇದೂ ಹೋದ್ರೆ ನಿನ್ನ ಪೆಟ್ಟಿಗೆ ಕೆಳಗೆ, ನನ್ನ ಬೋರ್ಡು ಮೇಲೆ."

"ಆಗ್ಲಿ ಭಾವ," ಅಂದಿದ್ದಳು.

ಅವಳಿಗೆ ಅರ್ಥವಾಗದಿದ್ದದ್ದು ಒಂದೇ. ತಾರಸಿಯ ಮೇಲೆ ನಾಲ್ಕು ವರ್ಷದಿಂದ ಸೋಲಾರ್ ಪ್ಯಾನೆಲ್ ಇದ್ದವು. ಅಂದು ಬಿಸಿಲು ನೆತ್ತಿ ಸುಡುತ್ತಿತ್ತು. ಆದರೂ ಮನೆಯಲ್ಲಿ ಒಂದು ಫ್ಯಾನು ತಿರುಗಲಿಲ್ಲ.

"ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ," ಅಂದರು ಅತ್ತೆ.

ಎಲೆಕ್ಟ್ರೀಷಿಯನ್ ಬಂದು ವಿವರಿಸಿದ. "ಅದು ಹಾಗೇ ಅಮ್ಮ. ಕಂಬದಲ್ಲಿ ಕರೆಂಟು ಹೋದ್ರೆ ನಿಮ್ಮ ಸೋಲಾರೂ ತಾನಾಗೇ ನಿಂತುಬಿಡುತ್ತೆ. ಇಲ್ದಿದ್ರೆ ನಿಮ್ಮ ಕರೆಂಟು ತಂತಿಗೆ ಹೋಗಿ, ಕಂಬ ಹತ್ತಿದವನು ಮೇಲಿಂದ ಮೇಲಕ್ಕೇ ಹೋಗ್ತಾನೆ. ಬ್ಯಾಟರಿ ಹಾಕ್ಸಿ, ಇನ್ವರ್ಟರ್ ಬದಲಾಯ್ಸಿ. ಆಗ ಮನೆ ಮಟ್ಟಿಗೆ ನಡೆಯುತ್ತೆ."

ಭಾವನ ಪಾಠವೂ ನಿಲ್ಲುತ್ತಿತ್ತಲ್ಲ, ಅವನು ಒಪ್ಪಿದ. ಎಲ್ಲ ಲೈನೂ ಬ್ಯಾಟರಿಗೆ ಬರುವುದಿಲ್ಲ, ಮುಖ್ಯವಾದ್ದು ನಾಲ್ಕೈದು ಮಾತ್ರ ಬೇರೆ ಡಬ್ಬಿಗೆ ಹಾಕಬೇಕು ಎಂದ ಎಲೆಕ್ಟ್ರೀಷಿಯನ್. ಹಾಲ್, ಅಡುಗೆಮನೆ ಫ್ರಿಜ್, ಅತ್ತೆಯ ಕೋಣೆ, ಮೇಲಿನ ಕೋಣೆ. ಗೀಸರ್ ಬೇಡವೇ ಬೇಡ. ಅದೊಂದನ್ನು ಹಾಕಿದರೆ ಸಾಕು, ಬ್ಯಾಟರಿಯನ್ನು ಗಂಟೆಯಲ್ಲಿ ನುಂಗಿ ನೀರು ಕುಡಿಯುತ್ತದೆ.

ಅವನು ಬ್ಯಾಟರಿ ಹಾಕಲು ಬಂದದ್ದು ಪೆಟ್ಟಿಗೆಗೆ ಹೊಸ ಮೊಟ್ಟೆಯಿಟ್ಟ ಹದಿನೆಂಟನೇ ದಿನ. ಅದಕ್ಕೂ ಮೊದಲು ಬಾ ಅಂತ ಅವಳು ಮೂರು ಸಲ ಫೋನ್ ಮಾಡಿದ್ದಳು. ಇಡೀ ಮನೆಯ ಕರೆಂಟು ತೆಗೆಯಬೇಕು ಅಂದ. ಅವಳು ಪಕ್ಕದ ಮನೆಯ ದರ್ಜಿಯನ್ನು ಕೇಳಿ, ಅವನ ಬಾಲ್ಕನಿಯಿಂದ ವೈರು ಎಳೆದು ಪೆಟ್ಟಿಗೆಗೆ ಕೊಟ್ಟಳು. ನಾಲ್ಕು ಗಂಟೆಗೆ ದರ್ಜಿ ಮನೆಗೆ ಬೀಗ ಹಾಕಿಕೊಂಡು ಹೊರಟ. ಅಷ್ಟರಲ್ಲಿ ಮನೆಗೆ ಕರೆಂಟು ಬಂದಿತ್ತು. ಅವಳು ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಗೆ ಮತ್ತೆ ಸಿಕ್ಕಿಸಿದಳು. ಕೆಂಪು ದೀಪ ಹತ್ತಿತು.

ಐದಕ್ಕೆ ಎಲೆಕ್ಟ್ರೀಷಿಯನ್ ಮೇಲೆ ಬಂದ. ಬಲ್ಬು, ಫ್ಯಾನು ಹಾಕಿ ನೋಡಿದ.

"ಪ್ಲಗ್ ಪಾಯಿಂಟ್ ಬಿಚ್ಚಿ ನೋಡ್ಲಾ ಅಕ್ಕ? ಹಳೇ ವೈರಿಂಗು."

"ಪೆಟ್ಟಿಗೆ ಹಿಂದೆ ಇದೆ ಅದು. ಇನ್ನು ಮೂರು ದಿನ ಪೆಟ್ಟಿಗೆ ಅಲ್ಲಾಡಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ. ಒಳಗೆ ಮರಿ ತಲೆ ತಿರುಗಿಸ್ಕೊಳ್ಳೋ ಹೊತ್ತು."

"ಹಾಗಾದ್ರೆ ಮೇನ್ ಸ್ವಿಚ್ ಇಳಿಸಿ, ಬ್ಯಾಟರೀಲಿ ಓಡುತ್ತಾ ಅಂತ ಒಂದ್ಸಲ ನೋಡಿಬಿಡೋಣ. ಎರಡು ನಿಮಿಷ."

"ಬೇಡ."

"ಟೆಸ್ಟ್ ಮಾಡ್ದೆ ಹೇಗೆ ಕೊಡ್ಲಿ? ಎರಡೇ ನಿಮಿಷ ಅಕ್ಕ, ನಿಮ್ಮ ಮೊಟ್ಟೆಗೆ ನೆಗಡಿ ಆಗಲ್ಲ."

"ಹೋದ್ಸಲ ಕರೆಂಟು ಕಂಪನಿಯವರೂ ಹತ್ತೇ ನಿಮಿಷ ಅಂದಿದ್ರು. ಸಾಯಂಕಾಲ ಕೊಟ್ರು. ಮರಿ ಆಗ್ಲಿ, ಆಮೇಲೆ ಬಂದು ನೂರು ಸಲ ಇಳ್ಸಿ, ನೂರು ಸಲ ಏರ್ಸಿ."

ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅವನಿಗೆ ಇಂಥವರು ಹೊಸಬರಲ್ಲ. ಕಾಗದದಲ್ಲಿ 'ಮನೆಯವರು ಬೇಡವೆಂದದ್ದರಿಂದ ಟೆಸ್ಟ್ ಆಗಿಲ್ಲ' ಎಂದು ಬರೆದು ಅವಳ ಸಹಿ ಹಾಕಿಸಿಕೊಂಡ. ಮರಿಯಾಗುವ ದಿನ ಬರುತ್ತೇನೆ ಎಂದು ಹೇಳಿ ಹೋದ. ಅವಳು ಕೋಣೆಯ ಬಲ್ಬು ಹಾಗೇ ಉರಿಯಲು ಬಿಟ್ಟು, ಬಾಗಿಲೆಳೆದು, ಚಿಲಕ ಹಾಕಿದಳು.

ಮರುದಿನ ಹತ್ತು ಗಂಟೆಗೆ ಬೀದಿಯ ಕರೆಂಟು ಹೋಯಿತು. ಹಳೇ ತಂತಿ ಬದಲಿಸುವ ಕೆಲಸ.

ಹಾಲ್‌ನಲ್ಲಿ ಫ್ಯಾನು ನಿಲ್ಲಲಿಲ್ಲ. ಭಾವನ ಕಂಪ್ಯೂಟರು ಕಣ್ಣು ಕೂಡ ಮಿಟುಕಿಸಲಿಲ್ಲ. ಅತ್ತೆಗೆ ಕರೆಂಟು ಹೋದದ್ದು ಗೊತ್ತಾದದ್ದೇ ಎದುರು ಮನೆಯವರು ಬಾಗಿಲಿಗೆ ಬಂದು ನಿಂತು ಗಾಳಿ ಹಾಕಿಕೊಂಡಾಗ.

"ನಮ್ಮನೇಲಿದೆಯಲ್ಲ!" ಎಂದು ಅತ್ತೆ ಟಿವಿಯ ಸದ್ದು ಎರಡು ಗೆರೆ ಏರಿಸಿದರು.

ಕಿರಿಯ ಸೊಸೆ ಮೆಟ್ಟಿಲು ಹತ್ತಿ ಹೋಗಿ ನೋಡಿದಳು. ಬಾಗಿಲ ಮೇಲಿನ ಗಾಜಿನಲ್ಲಿ ಬಲ್ಬಿನ ಹಳದಿ ಬೆಳಕಿತ್ತು. ಚಿಲಕದ ಮೇಲೆ ಕೈಯಿಟ್ಟು, ತೆರೆಯದೆ ಕೈ ಹಿಂದಕ್ಕೆಳೆದಳು. ಮೂರು ದಿನ ಯಾರೂ ಒಳಗೆ ಹೋಗಬಾರದು ಎಂಬ ನಿಯಮ ಅವಳದೇ. ಬಾಗಿಲು ತೆಗೆದರೆ ಗಾಳಿ ನುಗ್ಗುತ್ತದೆ, ಹೆಜ್ಜೆಗೆ ಮಹಡಿಯ ಹಲಗೆ ನಡುಗುತ್ತದೆ. ಅವಳು ಕೆಳಗಿಳಿದು ಬಂದು ಭಾವನಿಗೆ ಕಾಫಿ ಮಾಡಿಕೊಟ್ಟಳು.

"ಹೇಗಿದೆ ನಿನ್ನ ಸಂಸಾರ?" ಅಂದ.

"ಬೆಳಕಿದೆ ಭಾವ."

"ಪರವಾಗಿಲ್ಲ, ಈ ಸಲ ಪಾಸಾಗೋ ಹಾಗಿದೀಯ."

ಸಾಯಂಕಾಲ ಒಮ್ಮೆ, ಮಲಗುವ ಮುಂಚೆ ಒಮ್ಮೆ ಗಾಜು ನೋಡಿ ಬಂದಳು. ಬೀದಿಗೆ ಕರೆಂಟು ವಾಪಸ್ಸು ಬಂದದ್ದು ಮರುದಿನ ಒಂಬತ್ತು ಗಂಟೆಗೆ. ಬ್ಯಾಟರಿಯಲ್ಲಿ ಇನ್ನೂ ಕಾಲುಭಾಗ ಉಳಿದಿತ್ತು. ಭಾವ ಅದನ್ನು ಮಕ್ಕಳಿಗೆ ಶೇಕಡಾವಾರು ಲೆಕ್ಕದ ಉದಾಹರಣೆಯಾಗಿ ಹೇಳಿಕೊಟ್ಟ.

ಇಪ್ಪತ್ತನೇ ದಿನವೇ ಪೆಟ್ಟಿಗೆಯಲ್ಲಿ ಸದ್ದು ಶುರುವಾಗಬೇಕು. ಚಿಪ್ಪನ್ನು ಕೊಕ್ಕಿನಿಂದ ಕುಟ್ಟುವುದು ಮಳೆಹನಿ ತಗಡಿಗೆ ಬಿದ್ದ ಹಾಗೆ ಕೇಳುತ್ತದೆ. ಅವಳು ಬಾಗಿಲಿಗೆ ಕಿವಿ ಹಚ್ಚಿದಳು. ಕೆಳಗಿನ ಟಿವಿ ಕೇಳಿಸಿತು. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಚಿಲಕ ತೆಗೆದಳು.

ಕೆಂಪು ದೀಪ ಹತ್ತಿತ್ತು. ಥರ್ಮಾಮೀಟರು ಎಷ್ಟು ತೋರಿಸಬೇಕೋ ಅಷ್ಟೇ ತೋರಿಸುತ್ತಿತ್ತು. ಒಳಗಿನ ಫ್ಯಾನು ತಿರುಗುತ್ತಿತ್ತು. ತಟ್ಟೆಯ ಮೂಲೆಯಲ್ಲಿ ನಾಲ್ಕು ಮರಿ ಒದ್ದೆಯಾಗಿ ಬಿದ್ದುಕೊಂಡಿದ್ದವು. ಉಳಿದ ಮೊಟ್ಟೆಗಳಲ್ಲಿ ಬಿರುಕು ಕೂಡ ಇರಲಿಲ್ಲ. ಒಂದನ್ನು ಒಡೆದು ನೋಡಿದಳು. ಮರಿ ಪೂರ್ತಿ ಬೆಳೆದಿತ್ತು, ಪುಕ್ಕ ಇತ್ತು, ಉಗುರಿತ್ತು. ಇನ್ನೊಂದು ಒಡೆದಳು. ಅದೂ ಹಾಗೇ.

ಹೇಳಿದ ಮಾತಿನಂತೆ ಎಲೆಕ್ಟ್ರೀಷಿಯನ್ ಹತ್ತು ಗಂಟೆಗೆ ಬಂದ. ಅವಳ ಮುಖ ನೋಡಿ ಚೀಲ ಕೆಳಗಿಡಲಿಲ್ಲ.

"ಈಗ ಇಳ್ಸಿ," ಅಂದಳು.

ಅವನು ಕೆಳಗೆ ಮೇನ್ ಸ್ವಿಚ್ ಇಳಿಸಿದ. ಕೋಣೆಯ ಬಲ್ಬು ಉರಿಯುತ್ತಲೇ ಇತ್ತು. ಪೆಟ್ಟಿಗೆಯ ಕೆಂಪು ದೀಪ ಆರಿತು. ಒಳಗಿನ ಸಣ್ಣ ಫ್ಯಾನು ಎರಡು ಸುತ್ತು ತಿರುಗಿ ನಿಂತಿತು.

ಅವನು ಮೇಲೆ ಬಂದು, ಪೆಟ್ಟಿಗೆ ಸರಿಸಿ, ಪ್ಲಗ್ ಪಾಯಿಂಟಿನ ಮುಚ್ಚಳ ಬಿಚ್ಚಿದ. ದಪ್ಪ ವೈರೊಂದು ಗೋಡೆಯ ತೂತಿನಿಂದ ನೇರ ಬಚ್ಚಲಿಗೆ ಹೋಗಿತ್ತು.

"ಗೀಸರ್ ಲೈನಿಂದ ಎಳ್ದಿದಾರೆ ಇದನ್ನ. ಬಲ್ಬು ಫ್ಯಾನು ಬೇರೆ, ಇದೇ ಬೇರೆ. ಗೀಸರ್ ನಾವು ಬ್ಯಾಟರಿಗೆ ಹಾಕಿಲ್ವಲ್ಲ."

ಅತ್ತೆ ಮೆಟ್ಟಿಲ ತುದಿಯಲ್ಲಿ ಉಸಿರು ಬಿಡುತ್ತ ನಿಂತಿದ್ದರು. "ಅದು ನಿಮ್ಮ ಮಾವ ಎಳ್ದಿದ್ದು. ಇಸ್ತ್ರಿ ಪೆಟ್ಟಿಗೆಗೆ ಅಂತ. ಒಂದು ಭಾನುವಾರ ಪೂರ್ತಿ ಗೋಡೆ ಕೊರೆದ್ರು, ನಾನೇ ಸ್ಟೂಲು ಹಿಡ್ಕೊಂಡಿದ್ದೆ."

"ನಿಮಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿಲ್ದೆ ಏನು? ಯಾರು ಕೇಳಿದ್ರೇ ನನ್ನ?"

ಎಲೆಕ್ಟ್ರೀಷಿಯನ್ ಮುಚ್ಚಳದ ಸ್ಕ್ರೂ ಬಿಗಿ ಮಾಡಿದ. "ನಾನು ಕೇಳಿದ್ದೆ ಅಕ್ಕ. ಎರಡು ನಿಮಿಷ ಅಂದಿದ್ದೆ."

"ಹೂಂ, ಕೇಳಿದ್ರಿ."

"ಅರ್ಧ ಗಂಟೇಲಿ ಬದಲಾಯ್ಸಿ ಕೊಡ್ತೀನಿ. ಮುಂದಿನ ಸಲಕ್ಕೆ ಏನೂ ತೊಂದ್ರೆ ಇರಲ್ಲ."

ಭಾವ ಮೇಲೆ ಬಂದು ತಟ್ಟೆಗಳನ್ನು ನೋಡಿದ. ಬೈಯಲಿಲ್ಲ. "ಛೆ," ಅಂದ, ಅದು ನಿಜವಾಗಿಯೇ ಅಂದದ್ದು. ಆಮೇಲೆ ಉತ್ತರದ ಗೋಡೆಯ ಮುಂದೆ ನಿಂತು ಎರಡು ಕೈ ಅಗಲಿಸಿ ಅಳತೆ ನೋಡಿದ. "ಇಲ್ಲೇ ಒಂದು ಪಾಯಿಂಟ್ ಕೊಡ್ತೀರಾ, ಕಂಪ್ಯೂಟರಿಗೆ?" ಎಂದು ಎಲೆಕ್ಟ್ರೀಷಿಯನ್‌ನನ್ನು ಕೇಳಿದ.

ಸಂಜೆಯೊಳಗೆ ಪೆಟ್ಟಿಗೆ ಹಿತ್ತಲಿಗಿಳಿಯಿತು. ಅವಳು ಮೊಟ್ಟೆಗಳನ್ನು ಬಕೆಟ್ಟಿಗೆ ಒಂದೊಂದಾಗಿ ಹಾಕಿದಳು. ಎತ್ತಿಹಾಕಿದರೆ ಒಡೆದು ವಾಸನೆ ಬರುತ್ತದೆ. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು, "ಎಷ್ಟೇ ಹೋದ್ವು?" ಅಂದರು.

ಇಟ್ಟದ್ದು ಇನ್ನೂರ ಹದಿನಾರು. ಮರಿಯಾದದ್ದು ನಾಲ್ಕು. ಅದರಲ್ಲಿ ಎರಡು ಮಧ್ಯಾಹ್ನವೇ ಸತ್ತಿದ್ದವು.

"ಇನ್ನೂರ ಹದಿನಾಲ್ಕು," ಅಂದಳು.