ಪುಟ್ಟಬಸಮ್ಮ ಟೀಚರ್ ಮತ್ತು ಹದಿನಾಲ್ಕು ನಿಲುಗಡೆಗಳು

ಯಾವ ಊರಿಗೆ ಹೋಗಲಿ, ಪುಟ್ಟಬಸಮ್ಮ ಟೀಚರ್ ಮೊದಲು ನೋಡುವುದು ಗೋಪುರವನ್ನಲ್ಲ, ಕಕ್ಕಸಿನ ಚಿಲಕವನ್ನು. ಗಾಡಿ ನಿಂತು ಉಳಿದವರು ಸೀಟಿನ ಕೆಳಗೆ ಚಪ್ಪಲಿ ತಡಕಾಡುತ್ತಿರುವಾಗಲೇ ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದು, ಸೀರೆಯ ಕೆಳಗೆ ತೊಟ್ಟ ಬಿಳಿಯ ಕ್ಯಾನ್ವಾಸ್ ಬೂಟುಗಳಲ್ಲಿ ಸಣ್ಣ ಸಣ್ಣ ಚುರುಕು ಹೆಜ್ಜೆಗಳನ್ನಿಡುತ್ತ, ತಡವಾಗಿ ಬಂದ ಹುಡುಗನನ್ನು ಹಿಡಿಯಲು ಹೊರಟವರಂತೆ ತುಸು ಮುಂದಕ್ಕೆ ಬಾಗಿ, ಕಟ್ಟಡದ ಹಿಂಬದಿಗೆ ಹೋಗಿಬಿಡುತ್ತಾರೆ. ಚಿಲಕ ಒಳಗಿನಿಂದ ಸರಿಯಾಗಿ ಬೀಳುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಮಗುವನ್ನು ನಿಲ್ಲಿಸಿಕೊಂಡು ಕಾಲು ತೊಳೆಯಲು ಒಂದು ಚಪ್ಪಡಿಯಾದರೂ ಇದೆಯೇ, ವಯಸ್ಸಾದವರು ಹಿಡಿದು ಏಳಲು ಗೋಡೆಯಲ್ಲಿ ಏನಾದರೂ ಆಸರೆಯಿದೆಯೇ, ಇಷ್ಟನ್ನೂ ನೋಡಿ ಹೊರಬಂದು ಕೊಡೆಯನ್ನು ಒಮ್ಮೆ ಮೇಲೆತ್ತಿದರೆ ಎಲ್ಲರೂ ಇಳಿಯಬಹುದು. ಎತ್ತದಿದ್ದರೆ, ಆ ಹೋಟೆಲಿನ ಮಸಾಲೆದೋಸೆಯ ಕಂಪು ಗಾಡಿಯೊಳಕ್ಕೇ ಬಂದು ಕರೆದರೂ, ಮುಂದಕ್ಕೆ ಹೊರಡಬೇಕು.

ಹುಟ್ಟಿದ್ದು ಮಾಂಬಳ್ಳಿಯ ಬೇಸಾಯದ ಮನೆಯಲ್ಲಿ. ಮೂವತ್ಮೂರು ವರ್ಷ ಮೇಷ್ಟರಗಿರಿ. ಅದರಲ್ಲಿ ಬಹುಪಾಲು ಹನೂರಿನಾಚೆ ಶಾಗ್ಯದ ಶಾಲೆಯಲ್ಲಿ. ನಿವೃತ್ತಿಯಾದ ಮೇಲೆ ಕೊಳ್ಳೇಗಾಲದಲ್ಲಿ ನಮ್ಮ ಬೀದಿಗೇ ಬಂದು ನೆಲೆಸಿದರು. ಅವರ ಅಣ್ಣನ ಮಗ ಕುಮಾರಸ್ವಾಮಿ ಹಳೆಯದೊಂದು ಮಿನಿಬಸ್ಸನ್ನು ಕೊಂಡು, ಸೀಟುಗಳನ್ನು ಕಿತ್ತು, ಮಲಗುವ ಹಲಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಪ್ಲೈವುಡ್ ಗೋಡೆಯ ಒಂದು ಪುಟ್ಟ ಕಕ್ಕಸು ಎಲ್ಲವನ್ನೂ ಕೂರಿಸಿ, ದೂರದ ಪ್ರವಾಸಕ್ಕೆ ಹೊರಡುವ ಸಂಸಾರಗಳಿಗೆ ಬಾಡಿಗೆಗೆ ಓಡಿಸುತ್ತಾನೆ. ಊರಿನವರು ಅದನ್ನು ಮನೆಗಾಡಿ ಎನ್ನುತ್ತಾರೆ. ಓಡಿಸುವುದು ಅವನ ಕೆಲಸ. ಎಲ್ಲಿ ನಿಲ್ಲಿಸಬೇಕೆಂಬುದು ಅವನ ಅತ್ತೆಯ ಕೆಲಸ.

ಈ ಕೆಲಸದಲ್ಲಿ ಅವರದೊಂದು ಹಟವಿದೆ. ಪ್ರವಾಸಕ್ಕೆ ಹತ್ತು ದಿನ ಮೊದಲೇ ಸರ್ಕಾರಿ ಬಸ್ಸು ಹಿಡಿದು ಅದೇ ದಾರಿಯಲ್ಲಿ ಒಬ್ಬರೇ ಹೋಗಿ, ಪ್ರತಿಯೊಂದು ನಿಲುಗಡೆಯನ್ನೂ ಕಣ್ಣಾರೆ ನೋಡಿ ಬರುತ್ತಾರೆ. "ಫೋನಲ್ಲೇ ಎಲ್ಲಾ ಗೊತ್ತಾಯ್ತದಲ್ಲ ಟೀಚರ್, ಜನ ಸ್ಟಾರ್ ಕೊಟ್ಟಿರ್ತಾರೆ" ಎಂದು ನಾನೊಮ್ಮೆ ಬುದ್ಧಿ ಹೇಳಹೋದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಸ್ಟಾರ್ ಕೊಟ್ಟೋರೆಲ್ಲ ಗಂಡಸ್ರು ಕಣಪ್ಪಾ. ಗೊತ್ತಾಯ್ತಾ?" ಎಂದರು. 'ಗೊತ್ತಾಯ್ತಾ' ಎಂಬುದು ಅವರ ಮಾತಿನ ಪೂರ್ಣವಿರಾಮ. ತರಗತಿಯಲ್ಲಿ ಅಂಟಿಕೊಂಡದ್ದು, ಬಿಟ್ಟಿಲ್ಲ.

ಈ ಹಟದ ಹಿಂದೆ ಒಬ್ಬ ಹುಡುಗಿಯಿದ್ದಾಳೆ. ಶಾಗ್ಯದ ಏಳನೆಯ ತರಗತಿಯ ಸೌಮ್ಯ. ಇಪ್ಪತ್ತು ವರ್ಷದ ಕೆಳಗೆ ಶಾಲೆಯ ಪ್ರವಾಸದ ಬಸ್ಸಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಹಾಡು ಹೇಳುತ್ತಿದ್ದವಳು ಹಾಗೆಯೇ ಪಕ್ಕದವಳ ಮೇಲೆ ಕುಸಿದಳು. ಮುಖಕ್ಕೆ ನೀರು ಚಿಮುಕಿಸಿ, ಆಸ್ಪತ್ರೆಗೆ ಕರೆದೊಯ್ದು ಗ್ಲೂಕೋಸ್ ಹಾಕಿಸಿದ ಮೇಲೆ ತಿಳಿಯಿತು: ಬೆಳಗಿನ ಐದು ಗಂಟೆಯಿಂದ ಅವಳು ಒಂದು ಗುಟುಕು ನೀರು ಕುಡಿದಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ನೀರ್ ಕುಡುದ್ರೆ ಓಗ್ಬೇಕಾಯ್ತದಲ್ಲ ಮಿಸ್, ಎಲ್ಗ್ ಓಗದು?" ಎಂದಳಂತೆ. ಉಳಿದ ಹುಡುಗಿಯರನ್ನು ವಿಚಾರಿಸಿದರೆ ಇಪ್ಪತ್ತೆರಡು ಮಂದಿಯಲ್ಲಿ ಹದಿನೇಳು ಮಂದಿಯದು ಅದೇ ಕಥೆ. ಆ ದಿನದ ಪ್ರವಾಸದಲ್ಲಿ ತಾವು ಏನೇನು ನೋಡಿದೆವೆಂಬುದು ಟೀಚರಿಗೆ ಈಗ ಒಂದಿಷ್ಟೂ ನೆನಪಿಲ್ಲ. ಆ ಪ್ರಶ್ನೆ ಮಾತ್ರ ಅವರೊಳಗೆ ಇಳಿದು ಕುಳಿತಿದೆ.

ನಾನು ಹೇಳಹೊರಟದ್ದು ಕಳೆದ ದಸರಾ ರಜೆಯ ಹಂಪಿ ಪ್ರವಾಸದ ಸಂಗತಿ. ಇದನ್ನು ನನಗೆ ಹೇಳಿದವರು ಟೀಚರಲ್ಲ, ಅವರ ಬಾಯಿಂದ ಇಂಥ ಮಾತು ಹೊರಡುವುದಿಲ್ಲ. ಹೇಳಿದವರು ರೇಷ್ಮೆ ನೇಯುವ ದೇವಣ್ಣನವರು. "ಬರ್ಕಳಿ ಸಾ, ಈಗೇನು ನಾಚ್ಕೆ" ಎಂದು ಅನುಮತಿ ಕೊಟ್ಟವರೂ ಅವರೇ.

ದೇವಣ್ಣನವರಿಗೆ ಎಪ್ಪತ್ತೆರಡು. ಐವತ್ತು ವರ್ಷದಿಂದ ಸೀರೆಯ ಅಂಚಿನಲ್ಲಿ ಆನೆ, ಹಂಸ, ಬಳ್ಳಿಗಳನ್ನು ನೇಯ್ದ ಕೈ. ಈ ವಿನ್ಯಾಸಗಳೆಲ್ಲ ಹಂಪಿಯ ಕಲ್ಲಿನಿಂದ ಬಂದವು ಎಂದು ಅವರ ತಂದೆ ಹೇಳುತ್ತಿದ್ದರಂತೆ. ಆ ಕಲ್ಲನ್ನು ಮಾತ್ರ ಅವರು ಕಂಡಿರಲಿಲ್ಲ. ಮಗ ಶಿವಪ್ರಕಾಶ್ ಅಪ್ಪನಿಗಾಗಿಯೇ ಮನೆಗಾಡಿ ಗೊತ್ತುಮಾಡಿದ. ಆದರೆ ದಿನ ಹತ್ತಿರ ಬಂದಂತೆ ದೇವಣ್ಣನವರು ಬರುವುದಿಲ್ಲವೆಂದು ಕುಳಿತರು. ಮಗ ಕೇಳಿದ, ಸೊಸೆ ಕೋಮಲ ಕೇಳಿದಳು. ಒಂಬತ್ತು ವರ್ಷದ ಮೊಮ್ಮಗಳು ಲಿಖಿತಾ, "ತಾತ ಬರ್ದಿದ್ರೆ ನಾನೂ ಬರಲ್ಲ" ಎಂದು ಬಟ್ಟೆಯ ಬ್ಯಾಗನ್ನು ತೆಗೆದು ಅಟ್ಟದ ಮೇಲಿಟ್ಟಳು. ಎಲ್ಲರಿಗೂ ಒಂದೇ ಉತ್ತರ: "ಮಗ್ಗದ್ ಮ್ಯಾಲೆ ಸೀರೆ ಅದ, ಎಂಗ್ ಬುಟ್ಬುಟ್ ಬರದು?"

ಪ್ರವಾಸಕ್ಕೆ ಮುಂಚೆ ಹೊರಡುವವರ ಮನೆಗೆ ಹೋಗಿ, ಯಾರಿಗೆ ವಾಂತಿಯಾಗುತ್ತದೆ, ಯಾರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಬೇಕು ಎಂದೆಲ್ಲ ಕೇಳಿಬರುವುದು ಟೀಚರ ಪದ್ಧತಿ. ಅಂದು ಅವರು ದೇವಣ್ಣನವರ ಜಗಲಿಯಲ್ಲಿ ಒಂದು ಗಂಟೆ ಕುಳಿತಿದ್ದರು. ಆ ಒಂದು ಗಂಟೆಯಲ್ಲಿ ದೇವಣ್ಣನವರು ಎರಡು ಸಲ, "ಕರೀನ ನೋಡ್ಬತ್ತೀನಿ" ಎಂದು ಎದ್ದು ಹಿತ್ತಲಿಗೆ ಹೋದರು. ಆದರೆ ಅವರ ನಾಯಿ ಕರಿ ಹಿತ್ತಲಿನಲ್ಲಿರಲಿಲ್ಲ, ಮುಂಬಾಗಿಲ ಬಳಿಯೇ ಮಲಗಿತ್ತು. ಅವರ ಮುಂದಿಟ್ಟ ಕಾಫಿ ಕೆನೆಗಟ್ಟಿ ತಣ್ಣಗಾಯಿತು, ಅವರು ಲೋಟ ಮುಟ್ಟಲಿಲ್ಲ. ಟೀಚರ ಕಣ್ಣು ಆ ಲೋಟದ ಮೇಲೆಯೇ ಇತ್ತು. ಹೊತ್ತಾಯಿತೆಂದು ಎದ್ದು ಬಂದರು.

ಮರುದಿನ ದೇವಣ್ಣನವರು ಒಬ್ಬರೇ ಇರುವ ಹೊತ್ತು ನೋಡಿ ಮತ್ತೆ ಹೋದರು. ಮಗ್ಗದ ಪಕ್ಕದ ಮಣೆಯ ಮೇಲೆ ಕುಳಿತು, ದನಿ ತಗ್ಗಿಸಿ, "ದೇವಣ್ಣನೋರೆ, ನಿಮ್ಮಿಂದ ಒಂದು ಉಪ್ಕಾರ ಆಗ್ಬೇಕು" ಎಂದರು.

"ಅದೇನು ಹೇಳಿ ಟೀಚರಮ್ಮ."

"ನಂಗೆ ಶುಗರ್ರು. ಮುಕ್ಕಾಲ್ ಗಂಟೆಗೊಂದ್ಸಲ ಗಾಡಿ ನಿಲ್ಲುಸ್ಬೇಕಾಯ್ತದೆ. ನಿಮ್ಮನೆ ಚಿಕ್ಕೋರು ಬಾಯ್ಬುಟ್ಟು ಹೇಳ್ದಿದ್ರೂ ಮನಸ್ನಲ್ಲಿ ಬೇಜಾರ್ ಮಾಡ್ಕತಾರೆ. ಹೆಂಗಸು ನಾನು, ಪದೇ ಪದೇ ಎಂಗ್ ಕೇಳದು? ನೀವು ದೊಡ್ಡೋರು ಜೊತೇಲಿದ್ದು, ನನ್ ಜೊತೆ ನೀವೂ ಇಳುದ್ರೆ, ಯಾರೂ ಏನೂ ಅನ್ನಲ್ಲ. ಗೊತ್ತಾಯ್ತಾ?"

ದೇವಣ್ಣನವರು ಲಾಳಿಯನ್ನು ಕೆಳಗಿಟ್ಟರಂತೆ. ಎರಡು ವರ್ಷದಿಂದ ಅವರು ಮದುವೆಗೆ ಹೋಗಿರಲಿಲ್ಲ, ಸಾವಿಗೆ ಹೋಗಿರಲಿಲ್ಲ, ಬಸ್ಸಿನಲ್ಲಿ ಮೈಸೂರಿಗೂ ಹೋಗಿರಲಿಲ್ಲ. ಮೂತ್ರ ತಡೆಯಲಾಗದ ಸಂಕಟವನ್ನು ವೈದ್ಯರಿಗೂ ಹೇಳಿರಲಿಲ್ಲ. ಹೆಂಡತಿ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದರೇನೋ. ಮನೆಗಾಡಿಯಲ್ಲಿ ಕಕ್ಕಸು ಇದೆಯೆಂದು ಮಗ ಹಿಗ್ಗಿನಿಂದ ತೋರಿಸಿದ್ದ. ಅದರ ತೆಳುವಾದ ಬಾಗಿಲು ಸೊಸೆ ಕೂರುವ ಸೀಟಿನಿಂದ ಒಂದು ಮೊಳ ದೂರದಲ್ಲಿತ್ತು. ಅದನ್ನು ಕಂಡಮೇಲೆಯೇ ಅವರು ಬರುವುದಿಲ್ಲವೆಂದು ನಿರ್ಧರಿಸಿದ್ದು.

"ಆಯ್ತು, ನಿಮ್ಗೋಸ್ಕರ ಬತ್ತೀನಿ" ಎಂದರು.

ಟೀಚರ್ ಮತ್ತೊಮ್ಮೆ ಬಸ್ಸು ಹತ್ತಿ ಹೋದರು. ಮೊದಲು ಆರು ನಿಲುಗಡೆಗಳಿದ್ದ ದಾರಿಯಲ್ಲಿ ಈಗ ಹದಿನಾಲ್ಕು. ಒಂದೊಂದಕ್ಕೂ ಮಗುವಿನ ಹೆಸರಿನಲ್ಲಿ ಒಂದು ಕಾರಣ. ಕೊಳ್ಳೇಗಾಲ ಬಿಟ್ಟು ಅರ್ಧ ಗಂಟೆಯೂ ಆಗದೆ ಸತ್ತೇಗಾಲದಲ್ಲಿ ಮೊದಲ ನಿಲುಗಡೆ: ತೆಂಗಿನ ತೋಟದಲ್ಲಿ ಇಡ್ಲಿ, ಆಮೇಲೆ ಕಾವೇರಿ ನೋಡುವುದು. ಮುಂದೆ ಆಲೆಮನೆ, ಬಿಸಿಬೆಲ್ಲ. ಅದರಾಚೆ ಕೆರೆ, ಕೊಕ್ಕರೆ. ಆಮೇಲೆ ಆಲದ ಮರ, ಬಿಳಲಿಗೆ ಜೋತುಬೀಳುವುದು. "ಇಷ್ಟೊಂದ್ಕಡೆ ನಿಲ್ಲುಸುದ್ರೆ ಹಂಪಿ ಸೇರದು ದೀಪಾವಳಿಗೇ ಕಣತ್ತೆ" ಎಂದು ಕುಮಾರಸ್ವಾಮಿ ಗೊಣಗಿದ. "ನೀನ್ ಸ್ಟೇರಿಂಗ್ ನೋಡ್ಲಾ" ಎಂದರು ಅತ್ತೆ.

ಲಿಖಿತಾಳಿಗೋ ಸುಗ್ಗಿ. ಅವಳು ಪ್ರತಿ ನಿಲುಗಡೆಯಲ್ಲೂ ಓಡಿದಳು, ಕುಣಿದಳು. ಅವಳ ಹಿಂದೆ ಕೊಡೆ ಹಿಡಿದ ಟೀಚರೂ, ಟೀಚರಿಗೆ ಜೊತೆಯೆಂಬ ಗಾಂಭೀರ್ಯದಲ್ಲಿ ದೇವಣ್ಣನವರೂ ಇಳಿಯುತ್ತಿದ್ದರು. ಮೂರನೆಯ ನಿಲುಗಡೆಯ ಹೊತ್ತಿಗೆ ದೇವಣ್ಣನವರ ಭುಜ ಸಡಿಲಾಗಿತ್ತು. ಐದನೆಯದರಲ್ಲಿ, ಎರಡು ವರ್ಷದಲ್ಲಿ ಮೊದಲ ಸಲ, ಮನೆಯ ಹೊರಗೆ ಒಂದು ಇಡೀ ಎಳನೀರು ಕುಡಿದರು.

ಆ ಎಳನೀರೇ ಕೆಲಸ ಕೆಡಿಸಿತು. ಹುಳಿಯಾರು ದಾಟಿದ ಮೇಲೆ ಹುಣಸೆಮರದ ನೆರಳಿನಲ್ಲಿ ಒಂದು ಸಣ್ಣ ಹೋಟೆಲು ಇರಬೇಕಿತ್ತು. ಎರಡನೆಯ ಸಲ ನೋಡಲು ಬಂದಾಗಲೂ ಟೀಚರ್ ಅಲ್ಲಿ ಕುಳಿತು ಚಿತ್ರಾನ್ನ ತಿಂದು ಬಂದಿದ್ದರು. ಈಗ ಮರವೂ ಇಲ್ಲ, ಹೋಟೆಲೂ ಇಲ್ಲ. ರಸ್ತೆ ಅಗಲ ಮಾಡಲು ಕೆಡವಿದ ಇಟ್ಟಿಗೆಯ ರಾಶಿ, ಕೆಂಪು ಮಣ್ಣು, ಮುಂದೆ ಕಣ್ಣು ಹಾಯುವಷ್ಟು ದೂರ ನಿಂತ ಲಾರಿಗಳು. ಗಾಡಿ ಆಮೆಯಂತೆ ತೆವಳಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಟೀಚರ್ ಹಿಂತಿರುಗಿ ನೋಡಿದರು. ದೇವಣ್ಣನವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಮೊಮ್ಮಗಳು ಏನೋ ಕೇಳುತ್ತಿದ್ದಳು, ಅವರಿಗೆ ಕೇಳಿಸುತ್ತಿರಲಿಲ್ಲ.

"ನಿಲ್ಲುಸ್ಲಾ ಕುಮಾರ" ಎಂದರು ಟೀಚರ್. "ನಂಗಾಗಲ್ಲ. ಇಲ್ಲೇ ನಿಲ್ಲುಸು."

ಕುಮಾರಸ್ವಾಮಿ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಕೋಮಲ ಮೆಲ್ಲಗೆ, "ಟೀಚರ್, ಒಳಗೇ ಇದ್ಯಲ್ಲಾ, ನಾವೆಲ್ಲ ಆಚೆ ಇಳ್ಕತೀವಿ" ಎಂದಳು.

"ಅದ್ರಲ್ಲಿ ನನ್ ಮಂಡಿ ಬಗ್ಗಲ್ಲ ಕಣವ್ವಾ."

ಅರವತ್ತಾರು ವರ್ಷದ ಆ ಹೆಂಗಸು, ಇಡೀ ಜೀವಮಾನ ಮಕ್ಕಳ ಮುಂದೆ ನೆರಿಗೆ ಸರಿಯಾಗಿ ನಿಂತವರು, ಲಾರಿಗಳ ಗಂಡಸರೆಲ್ಲ ಇಣುಕಿ ನೋಡುತ್ತಿರುವಾಗ ಇಟ್ಟಿಗೆರಾಶಿಯ ಮೇಲೆ ಕಾಲಿಟ್ಟು ಇಳಿದರು. ರಸ್ತೆಯಿಂದ ನೂರು ಹೆಜ್ಜೆ ದೂರದಲ್ಲಿ ಒಂದು ಶೀಟಿನ ಮನೆ, ಮುಂದೆ ದನದ ಕೊಟ್ಟಿಗೆ. ಎರಡು ಹೆಜ್ಜೆಯಿಟ್ಟವರು ತಿರುಗಿ, ಎಲ್ಲರಿಗೂ ಕೇಳುವಂತೆ ಕೂಗಿದರು: "ದೇವಣ್ಣನೋರೆ, ಗುರ್ತಿಲ್ದಿರೊ ಮನೆ, ನಾಯ್‌ಗೀಯ್ ಇದ್ದಾತು! ಒಸಿ ಜೊತೆಗ್ ಬನ್ನಿ. ಬೇಗ!"

ದೇವಣ್ಣನವರು ಇಳಿದರು. ಅಂಗಳದಲ್ಲಿ ಹುಲ್ಲು ಕಟ್ಟುತ್ತಿದ್ದ ಹೆಂಗಸಿಗೆ ಟೀಚರ್ ಏನು ಹೇಳಿದರೋ, ಅವಳು "ಅದಕ್ಕೇನಂತೆ ಬರ್ರಮ್ಮ" ಎನ್ನುತ್ತ ಹಿತ್ತಲಿನ ಬಾಗಿಲು ತೋರಿಸಿ ಒಂದು ಕೊಡ ನೀರಿಟ್ಟು ಹೋದಳು. ದೇವಣ್ಣನವರು ಒಳಗೆ ಹೋದರು. ಹೊರಬಂದಾಗ ಟೀಚರ್ ಕೊಟ್ಟಿಗೆಯ ಕಂಬಕ್ಕೆ ಒರಗಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಒಂದು ಕರುವಿನ ಕಿವಿ ಸವರುತ್ತಿದ್ದರು.

"ಆ ಹೋಟ್ಲು ಒಡ್ದಾಕ್ತಾರೆ ಅಂತ ನಾನು ಕೇಳ್ಕಬೇಕಾಗಿತ್ತು ದೇವಣ್ಣನೋರೆ" ಎಂದರು. "ನನ್ನದೇ ತಪ್ಪು."

ದೇವಣ್ಣನವರು ಅವರನ್ನೇ ನೋಡುತ್ತ ನಿಂತರು. "ಟೀಚರಮ್ಮ, ನೀವ್ ಓಗ್ಲೇ ಇಲ್ವಲ್ಲ?"

"ಈಗ ಸರೋಯ್ತು."

"ಬೆಳಗ್ಗಿಂದ ನಾಕ್ ಕಾಪಿ ಕುಡುದ್ರಿ. ಎಲ್ಡೆಲ್ಡು ಚಮ್ಚ ಸಕ್ರೆ ಆಕ್ಕಂಡ್ರಿ. ಆಲೆಮನೇಲಿ ಬೆಲ್ಲ ತಿಂದ್ರಿ. ನಿಮ್ಗೆ ಶುಗರ್ ಇಲ್ಲ."

ಟೀಚರ್ ಕರುವಿನ ಕಿವಿ ಬಿಟ್ಟರು. ಮೇಷ್ಟರಗಿರಿಯ ಮೂವತ್ಮೂರು ವರ್ಷದಲ್ಲಿ ಸಿಕ್ಕಿಬೀಳುವುದು ಹೇಗಿರುತ್ತದೆಂದು ಅವರಿಗೆ ಗೊತ್ತಾಗಿರಲಿಲ್ಲವೇನೋ; ಮುಖ ಕೆಂಪಾಯಿತು. "ಬಿಸ್ಲು, ನಡೀರಿ" ಎಂದಷ್ಟೇ ಹೇಳಿ ಕೊಡೆ ಬಿಚ್ಚಿದರು. ಇಬ್ಬರೂ ಒಂದೇ ಕೊಡೆಯಡಿ ಬಂದರು.

ಗಾಡಿ ಹತ್ತಿದ ಮೇಲೆ ದೇವಣ್ಣನವರು ಕೂರಲಿಲ್ಲ. ಕಂಬಿ ಹಿಡಿದು ನಿಂತು, "ಕೋಮಲ" ಎಂದು ಕರೆದರು. "ಟೀಚರಮ್ಮನಿಗೆ ಏನೂ ಇಲ್ಲ ಕಣವ್ವ. ಒಂದ್ ಗಂಟೆ ತಡ್ಕಳಕಾಗ್ದಿರೋನು ನಾನು. ಎಲ್ಡ್ ವರ್ಷಾಯ್ತು." ಹೇಳುವಾಗ ಅವರು ಸೊಸೆಯ ಮುಖ ನೋಡದೆ ನೆಲ ನೋಡುತ್ತಿದ್ದರು.

"ಅದ್ಕೇನಾ ಮಾವ, ನನ್ ತಂಗಿ ಮದ್ವೆಗೂ ಬರ್ನಿಲ್ಲ ನೀವು?" ಎಂದಳು ಕೋಮಲ. "ನಮ್ ಮೇಲೆ ಕೋಪ ಅಂದ್ಕಂಡು ನಾನು ಎಷ್ಟು ದಿನ ಅತ್ತಿವ್ನಿ ಗೊತ್ತಾ?" ಎನ್ನುತ್ತ ಅತ್ತೇಬಿಟ್ಟಳು. ಶಿವಪ್ರಕಾಶ್ ಎದ್ದು ಅಪ್ಪನನ್ನು ಹಿಡಿದು ಕೂರಿಸಿದ. ಕಿಟಕಿಯ ಪಕ್ಕದಲ್ಲಿ ಲಿಖಿತಾ, ದೊಡ್ಡವರೆಲ್ಲ ಯಾಕೆ ಅಳುತ್ತಿದ್ದಾರೆಂದು ತಿಳಿಯದೆ, ಮುಂದಿನ ನಿಲುಗಡೆಯಲ್ಲಿ ಏನಿದೆಯೆಂದು ಟೀಚರನ್ನು ಕೇಳಿದಳು.

ಮರುದಿನ ಮಧ್ಯಾಹ್ನ ಅವರು ಹಂಪಿ ಸೇರಿದರು. ಗುಡಿಯ ಪ್ರಾಕಾರದ ಗೋಡೆಯ ಮೇಲೆ ಸಾಲಾಗಿ ನಡೆಯುವ ಆನೆಗಳ ಮುಂದೆ ದೇವಣ್ಣನವರು ಮಂಡಿಯೂರಿ ಕುಳಿತು, ನೂಲಿನ ಎಳೆ ಎಣಿಸುವವರಂತೆ ಒಂದೊಂದರ ಮೇಲೂ ಬೆರಳಾಡಿಸಿ, "ನಮ್ ಅಂಚ್ನಲ್ಲಿರೋ ಆನೆ ಬಡಕ್ಲು ಕಣವ್ವ, ಇದ್ನೋಡು" ಎಂದು ಮೊಮ್ಮಗಳಿಗೆ ತೋರಿಸಿದರಂತೆ. ಸಂಜೆಯವರೆಗೂ ಅಲ್ಲೇ ಇದ್ದರು. ನಡುವೆ ನಾಲ್ಕು ಸಲ ಎದ್ದರು, ನಾಲ್ಕು ಸಲವೂ ಯಾರ ಮುಂದೆಯೂ ನಾಯಿಯ ಹೆಸರು ಹೇಳಲಿಲ್ಲ. ಊರಿಗೆ ಮರಳಿದ ವಾರದಲ್ಲೇ ಮಗ ಅವರನ್ನು ಮೈಸೂರಿನ ವೈದ್ಯರಲ್ಲಿಗೆ ಕರೆದೊಯ್ದ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿತ್ತು, ಔಷಧಿಗೆ ಬಗ್ಗುವಂಥದೇ. ಈಗ ಒಂದು ಕಡೆ ಕೂತರೆ ಎರಡು ಗಂಟೆ ಕೂರುತ್ತಾರೆ. ಹೊಸ ಸೀರೆಗಳಲ್ಲಿ ಆನೆಗಳು ದಪ್ಪಗಾಗಿವೆ.

ಟೀಚರ್ ಹಂಪಿಯಲ್ಲಿ ಏನು ನೋಡಿದರೆಂದು ನಾನು ಕೇಳಿದೆ. "ಚೆನ್ನಾಗಿತ್ತು, ನೆರಳು ಕಮ್ಮಿ" ಎಂದರು.

ದಾರಿಗಳನ್ನು ಹಾಕುವವರು ಬೇರೆ, ಆ ದಾರಿಯಲ್ಲಿ ಎಲ್ಲರೂ ಬರಬಲ್ಲರೇ ಎಂದು ಯೋಚಿಸುವವರು ಬೇರೆ. ಎರಡನೆಯ ಜಾತಿಯವರ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ. ಅವರ ಕೆಲಸ ಚೆನ್ನಾಗಿ ನಡೆದಷ್ಟೂ ಅದು ನಡೆದದ್ದೇ ನಮಗೆ ತಿಳಿಯುವುದಿಲ್ಲ. ಹೊರಡುವ ಸಡಗರದಲ್ಲಿ ಬಾಗಿಲ ಬಳಿ ನಿಂತು, ನೀವೆಲ್ಲ ಹೋಗಿಬನ್ನಿ, ಮನೆ ನಾನು ನೋಡಿಕೊಳ್ಳುತ್ತೇನೆ ಎನ್ನುವವರು ಪ್ರತಿಯೊಂದು ಮನೆಯಲ್ಲೂ ಒಬ್ಬರಿರುತ್ತಾರೆ. ನಾವು ಆ ಮಾತನ್ನು ಸುಲಭವಾಗಿ ನಂಬಿ ಹೊರಟುಬಿಡುತ್ತೇವೆ. ಅದನ್ನು ನಂಬದೆ, ಒಂದು ಗಳಿಗೆ ಅವರ ಪಕ್ಕದಲ್ಲಿ ಕುಳಿತುಕೊಳ್ಳುವವರು ಬಹಳ ಕಡಿಮೆ.